ಹಿಂದಿನ ಸೀಟಿನ ಮೇಷ್ಟ್ರು

"ಕೀ ಎಲ್ಲಿ?"

"ರಿಪೇರಿಗೆ ಕೊಟ್ಟಿದೆ ಅಪ್ಪ. ಮೊದಲು ಬ್ರೆಡ್ ತಿನ್ನಿ."

"ಕಾರನ್ನ ರಿಪೇರಿಗೆ ಕೊಡ್ತಾರೆ. ಕೀನ ಯಾರಾದ್ರೂ ರಿಪೇರಿಗೆ ಕೊಡ್ತಾರಾ?"

ಈಗಷ್ಟೇ ಏನು ತಿಂದೆ, ಹೆಂಡತಿ ತೀರಿಕೊಂಡು ಎಷ್ಟು ಕಾಲವಾಯಿತು, ಬಚ್ಚಲುಮನೆ ಯಾವ ಕಡೆ, ಇದೆಲ್ಲ ಮರೆತುಹೋದ ಮನುಷ್ಯನಿಗೆ ಅಡ್ಡಪ್ರಶ್ನೆ ಹಾಕುವ ಬುದ್ಧಿ ಮಾತ್ರ ಒಂದಿಷ್ಟೂ ಮುಕ್ಕಾಗದೆ ಯಾಕೆ ಉಳಿದಿದೆಯೋ ದೇವರೇ ಬಲ್ಲ. ಮೇಡಂ ಬ್ರೆಡ್ಡಿನ ತಟ್ಟೆಯನ್ನು ಮುಂದೆ ತಳ್ಳಿದಳು. ಕೀ ಅವಳ ಸೊಂಟದಲ್ಲೇ ಇತ್ತು. ಮೊದಲು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದಳು. ಮೇಷ್ಟ್ರು ಒಂದು ದಿನ ಅಡುಗೆಮನೆಯ ನೆಲಕ್ಕೆಲ್ಲ ಅಕ್ಕಿ ಸುರಿದು ಅದನ್ನು ಹುಡುಕಿ ತೆಗೆದ ಮೇಲೆ ಆ ಜಾಗವೂ ಹೋಯಿತು.

ಮೇಡಂ ಎಂದರೆ ಮೇಷ್ಟ್ರ ಮಗಳು. ಡ್ರೈವಿಂಗ್ ಸ್ಕೂಲ್ ನಡೆಸುವವಳಾದ್ದರಿಂದ ಬೀದಿಗೆಲ್ಲ ಮೇಡಂ. ಸ್ಕೂಲು ಶುರು ಮಾಡಿದವರು ಮೇಷ್ಟ್ರೇ. ಊರಿನ ಅರ್ಧ ಜನ ಸ್ಟಿಯರಿಂಗ್ ಹಿಡಿಯಲು ಕಲಿತದ್ದು ಅವರ ಬೈಗುಳ ತಿಂದುಕೊಂಡೇ. ಈಗ ಬಾಡಿಗೆ ಮನೆಯ ಮುಂದಿನ ಕೋಣೆಯೇ ಸ್ಕೂಲಿನ ಆಫೀಸು. ಒಂದು ಮೇಜು, ಸಂಚಾರ ಚಿಹ್ನೆಗಳ ಒಂದು ಪಟ, ಗೋಡೆಯ ಮೇಲೆ ಕೈಕಟ್ಟಿ ನಿಂತ ಮೇಷ್ಟ್ರ ದೊಡ್ಡ ಫೋಟೊ. ಹೊರಗೆ ನಿಂತಿರುವ ಬಿಳಿ ಕಾರಿನಲ್ಲಿ ಕಲಿಯುವವರ ಕಾಲಡಿಗೆ ಇರುವಂತೆ ಕಲಿಸುವವರ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು.

ಮೇಡಂನ ತಾಯಿ ಬದುಕಿರುವವರೆಗೆ ಯಾರಿಗೂ ಏನೂ ಗೊತ್ತಾಗಿರಲಿಲ್ಲ. "ಅವರಿಗೆ ಸ್ವಲ್ಪ ಸುಸ್ತು" ಎಂದು ಆಕೆಯೇ ಎಲ್ಲವನ್ನೂ ಮುಚ್ಚಿಕೊಂಡು ಬಂದಿದ್ದಳು. ಬಂದವರ ಹೆಸರನ್ನು ಬಾಗಿಲಲ್ಲೇ ಜೋರಾಗಿ ಹೇಳುವುದು, ಅಂಗಡಿಗೆ ಹೋದರೆ ಹಿಂದೆಯೇ ಹೋಗುವುದು. ಆಕೆ ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಲೇ ಕುಸಿದುಬಿದ್ದು ಹೋದಳು. ತಿಂಗಳು ಕಳೆಯುವುದರೊಳಗೆ ಮುಚ್ಚಿಟ್ಟಿದ್ದೆಲ್ಲ ಬಯಲಿಗೆ ಬಂತು. ಮಗನ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಆದ್ದರಿಂದ ಮೇಷ್ಟ್ರು ಮಗಳ ಪಾಲಿಗೆ ಬಂದರು. ಬಾ ಎಂದು ಕರೆದವರೂ ಇಲ್ಲ, ಬೇಡ ಎಂದವರೂ ಇಲ್ಲ.

ಮೇಡಂನ ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿಯವನು. ಬೆಳಗ್ಗೆ ಬಂದು ಮಲಗುವ ಮನುಷ್ಯನಿಗೆ ಮಾವನನ್ನು ನೋಡಿಕೊಳ್ಳುವ ಕೆಲಸ ಹಚ್ಚಿದರೆ ಏನಾಗಬೇಕೋ ಅದೇ ಆಯಿತು.

"ರೀ, ನಾನು ಬರೋವರೆಗೆ ನೋಡ್ಕೊಳ್ಳಿ ಅಂದಿದ್ದೆ ತಾನೆ?"

"ನೋಡ್ಕೊಂಡೇ ಇದ್ದೆ ಕಣೆ. ಕಣ್ಣು ಮುಚ್ಚಿದ್ದು ಒಂದು ನಿಮಿಷ."

ಆ ಒಂದು ನಿಮಿಷದಲ್ಲಿ ಮೇಷ್ಟ್ರು ಬನಿಯನ್ನಿನಲ್ಲೇ ನಾಲ್ಕು ರಸ್ತೆ ಕೂಡುವಲ್ಲಿಗೆ ಹೋಗಿ, ಇಂಡಿಕೇಟರ್ ಹಾಕದೆ ತಿರುಗಿದ ಲಾರಿಯವನೊಬ್ಬನನ್ನು ನಿಲ್ಲಿಸಿ ಜನ್ಮ ಜಾಲಾಡಿದ್ದರು. ಹಿಂದೆ ನಿಂತ ವಾಹನಗಳ ಹಾರನ್ನು ಮನೆಯವರೆಗೂ ಕೇಳಿಸಿತ್ತು. ಅಳಿಯನಿಗೆ ಮಾತ್ರ ಎಚ್ಚರವಾಗಿರಲಿಲ್ಲ.

ಆಮೇಲೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದರು. ವಾರ ತುಂಬುವುದರೊಳಗೆ ಆಕೆ ಚೀಲ ಎತ್ತಿಕೊಂಡು ನಿಂತಳು. "ನನ್ನ ಕೈಲಾಗಲ್ಲಮ್ಮ. ಅಡುಗೆಮನೆಯಿಂದ ಹಾಲ್‌ಗೆ ಬರ್ಬೇಕಾದ್ರೆ ರಿವರ್ಸೇ ಬಾ ಅಂತಾರೆ. ಕನ್ನಡಿ ನೋಡಲಿಲ್ಲ ಅಂತ ಬೈತಾರೆ. ಎಲ್ಲಿಂದ ತರ್ಲಿ ಕನ್ನಡಿ?"

ಪುಟ್ಟಿ ನಕ್ಕುಬಿಟ್ಟಳು. ಪುಟ್ಟಿ ಮೇಡಂನ ಒಬ್ಬಳೇ ಮಗಳು, ಆಸ್ಪತ್ರೆಯ ಲ್ಯಾಬ್ ಕೆಲಸಕ್ಕೆ ಓದುತ್ತಿರುವವಳು. "ಇನ್ನೊಂದು ಸಲ ನಕ್ಕರೆ ನೋಡು" ಎಂದು ಮೇಡಂ ಸಿಡುಕಿದಳು. ಆಕೆಗೂ ನಗು ಬಂದಿತ್ತು, ಆದರೆ ಎಂಟು ಗಂಟೆಯ ಪಾಠಕ್ಕೆ ಜನ ಬಂದು ನಿಂತಿದ್ದರು. ಹೆಂಗಸು ಹೋದಳು, ಗಂಡ ಗೊರಕೆ ಹೊಡೆಯುತ್ತಿದ್ದ, ಮಗಳಿಗೆ ಕ್ಲಾಸು. ಬೇರೆ ದಾರಿ ಕಾಣದೆ ಮೇಡಂ ಅಪ್ಪನಿಗೆ ಅಂಗಿ ತೊಡಿಸಿ, ತಲೆ ಬಾಚಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದಳು.

ಹಾಗೆ ಶುರುವಾದದ್ದು ದಿನದ ಪದ್ಧತಿಯಾಯಿತು. ಕಾರಿನಲ್ಲಿ ಮೇಷ್ಟ್ರು ಮಗುವಿನ ಹಾಗೆ ಸುಮ್ಮನಿರುತ್ತಿದ್ದರು ಎಂದರೆ ಸುಳ್ಳಾದೀತು. ಮನೆಯಲ್ಲಿದ್ದಂತೆ ಎದ್ದು ಓಡುತ್ತಿರಲಿಲ್ಲ, ಅಷ್ಟೇ. ಬಾಯಿಗೆ ಮಾತ್ರ ಬಿಡುವಿಲ್ಲ.

"ಈಗ ನಿಧಾನಕ್ಕೆ ಬ್ರೇಕ್" ಎಂದು ಮೇಡಂ ಮುಂದಿನಿಂದ ಹೇಳಿದರೆ, "ಕ್ಲಚ್ ಒತ್ತು ಮೊದಲು, ದಡ್ಡಿ" ಎಂದು ಹಿಂದಿನಿಂದ ಗುಡುಗು. ಮದುವೆ ಗೊತ್ತಾದ ಹುಡುಗಿಯೊಬ್ಬಳು ಎರಡನ್ನೂ ಬಿಟ್ಟು ಆಕ್ಸಿಲರೇಟರ್ ತುಳಿದಳು. ಮೇಡಂ ತನ್ನ ಕಾಲಡಿಯ ಬ್ರೇಕನ್ನು ಒದೆಯದಿದ್ದರೆ ಎದುರಿನ ತರಕಾರಿ ಗಾಡಿ ಚಿಂದಿಯಾಗುತ್ತಿತ್ತು. ಮರುದಿನ ಆ ಹುಡುಗಿಯ ತಂದೆ ಬಂದರು. "ತಪ್ಪು ತಿಳ್ಕೋಬೇಡಿ ಮೇಡಂ. ಇಬ್ಬಿಬ್ಬರು ಹೇಳಿದ್ರೆ ಅವಳಿಗೆ ಗಾಬರಿ ಆಗುತ್ತೆ" ಎಂದು ಫೀಸು ವಾಪಸ್ ಇಸಿದುಕೊಂಡು ಹೋದರು. ಇನ್ನಿಬ್ಬರು ಹೇಳದೆ ಕೇಳದೆ ಬಿಟ್ಟರು.

ಭಾನುವಾರ ಅಣ್ಣ ಬರುತ್ತಿದ್ದ, ಅತ್ತಿಗೆಯೊಂದಿಗೆ, ಒಂದು ಚೀಲ ಕಿತ್ತಳೆ ಹಣ್ಣಿನೊಂದಿಗೆ. ಅಣ್ಣ ವಿಮಾ ಕಚೇರಿಯಲ್ಲಿ ಲೆಕ್ಕಪತ್ರದವನು. ಅಪ್ಪನ ಎದುರು ಕೂತು "ಹೇಗಿದ್ದೀರಿ ಅಪ್ಪ? ಚೆನ್ನಾಗಿದ್ದೀರಲ್ಲ?" ಎಂದು ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಹೇಳಿ, ಟಿವಿ ಹಚ್ಚಿಕೊಟ್ಟು ಅಡುಗೆಮನೆಗೆ ಬಂದುಬಿಡುತ್ತಿದ್ದ.

"ಸ್ಕೂಲ್ ನಿಲ್ಲಿಸಿಬಿಡು" ಎಂದ ಒಂದು ಭಾನುವಾರ, ಗೋಡೆಗೆ ಒರಗಿಕೊಂಡು.

ಮೇಡಂ ಈರುಳ್ಳಿ ಹೆಚ್ಚುತ್ತಿದ್ದಳು. "ಏನಂದೆ?"

"ಬೈಕೋಬೇಡ. ಯೋಚ್ನೆ ಮಾಡು. ನಿನಗೆ ಯಾವ ಮೇಲಧಿಕಾರಿ ಇದ್ದಾನೆ? ನಿನ್ನ ಸಮಯ ನಿನ್ನ ಕೈಲಿದೆ. ಕಾರು ಮಾರಿದ್ರೆ ಒಂದಿಷ್ಟು ಬರುತ್ತೆ. ತಿಂಗಳಿಗೆ ನಾನೂ ಏನಾದ್ರೂ ಕೊಡ್ತೀನಿ."

"ಏನಾದ್ರೂ ಅಂದ್ರೆ?"

"ನೋಡೋಣ. ಈಗಲೇ ಹೇಳು ಅಂದ್ರೆ ಹೇಗೆ?"

ಅತ್ತಿಗೆ ಮೆತ್ತಗೆ ಸೇರಿಸಿದಳು. "ಅವರಿಗೂ ನೀನೇ ಹೊಂದಿಕೆ ಕಣಮ್ಮ. ಮಗಳು ನೋಡ್ಕೊಂಡ ಹಾಗೆ ಬೇರೆಯವರ ಕೈಲಾಗುತ್ತಾ?"

"ಕಲಿತರೆ ಆಗುತ್ತೆ ಅತ್ತಿಗೆ. ನಾನೂ ಹುಟ್ಟುತ್ತಾ ಕಲಿತು ಬಂದಿರಲಿಲ್ಲ" ಎಂದು ಮೇಡಂ ಚಾಕುವನ್ನು ಹಲಗೆಯ ಮೇಲೆ ಕುಕ್ಕಿದಳು.

ಈ ಸ್ಕೂಲು ಅವಳಿಗೆ ಬರೀ ಹೊಟ್ಟೆಪಾಡಾಗಿರಲಿಲ್ಲ. ಹೆದರಿ ನಡುಗುತ್ತಾ ಬಂದ ಹೆಂಗಸು ಒಂದು ದಿನ ಒಬ್ಬಳೇ ಕಾರು ತೆಗೆದುಕೊಂಡು ಬೀದಿಯ ತಿರುವು ದಾಟಿ ಹೋಗುವುದನ್ನು ನೋಡುವಾಗ ಅವಳಿಗಾಗುವ ಸಂತೋಷವನ್ನು ಮನೆಯಲ್ಲಿ ಯಾರೂ ಕೇಳಿದವರಲ್ಲ. ಅದನ್ನು ಬಿಟ್ಟು, ಬಚ್ಚಲುಮನೆಯ ಬಾಗಿಲಲ್ಲಿ ಕಾಯುತ್ತಾ ಕೂರುವುದೇ ಉಳಿದ ಆಯುಷ್ಯ ಎಂದುಕೊಂಡರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಅಣ್ಣ ಹೋದ ಮೇಲೆ ನೋಡಿದರೆ ಮೇಷ್ಟ್ರು ಕಿತ್ತಳೆಗಳನ್ನು ಸಿಪ್ಪೆ ಸಮೇತ ಕಚ್ಚಿ ಕಚ್ಚಿ ಸೋಫಾದ ಕೆಳಗೆ ತಳ್ಳಿದ್ದರು. ಅದನ್ನೂ ಅವಳೇ ಬಳಿದಳು.

ಬೇಕರಿಯಾಕೆ ಪಾಠಕ್ಕೆ ಸೇರಿದ್ದು ಅದಾದ ಮೇಲಿನ ವಾರ. ಐವತ್ತು ದಾಟಿದ ಹೆಂಗಸು, ಬನ್ನು ಬ್ರೆಡ್ಡುಗಳನ್ನು ತಾನೇ ಅಂಗಡಿ ಅಂಗಡಿಗೆ ಮುಟ್ಟಿಸಬೇಕೆಂಬ ಆಸೆ. ಮೊದಲ ದಿನವೇ ಎಲ್ಲರಿಗೂ ಹೇಳುವ ನಿಯಮವನ್ನು ಮೇಡಂ ಆಕೆಗೂ ಹೇಳಿದ್ದಳು: "ಪಕ್ಕದ ಸೀಟಲ್ಲಿ ಕೂತವರು ಹೇಳಿದ್ದೇ ಕಾನೂನು. ಹೇಳಿದಷ್ಟು ಮಾಡಿ, ಎದುರು ಪ್ರಶ್ನೆ ಬೇಡ. ಫೋನ್ ಆಫ್." ಈ ನಿಯಮ ಮೇಷ್ಟ್ರು ಮಾಡಿದ್ದು.

ಆ ಬುಧವಾರ ಬೇರೆ ಕಲಿಯುವವನೊಬ್ಬನ ಕಾಗದ ಕೊಡಬೇಕೆಂದು ಮೇಡಂ ಬೇಕರಿಯಾಕೆಯ ಪಾಠದ ನಡುವೆ ಲೈಸೆನ್ಸ್ ಆಫೀಸಿನ ಮುಂದೆ ಕಾರು ನಿಲ್ಲಿಸಲು ಹೇಳಿದಳು. ಬಿಸಿಲು ಸುಡುತ್ತಿತ್ತು. ಕಿಟಕಿ ಏರಿಸಿ ಇಳಿಸಲು ಕೀ ಬೇಕೇಬೇಕು, ಅದಕ್ಕೆ ಅದನ್ನು ಕಾರಿನಲ್ಲೇ ಬಿಟ್ಟಳು. ಅಪ್ಪ ಹಿಂದೆ ತೂಕಡಿಸುತ್ತಿದ್ದರು. "ಎರಡು ನಿಮಿಷ, ಬಂದೆ. ಅವರನ್ನ ಸ್ವಲ್ಪ ನೋಡ್ಕೊಳ್ಳಿ" ಎಂದು ಬೇಕರಿಯಾಕೆಗೆ ಹೇಳಿ ಒಳಗೆ ಹೋದಳು. ಆಫೀಸಿನ ಎರಡು ನಿಮಿಷ ಎಂದರೆ ಎಲ್ಲರಿಗೂ ಗೊತ್ತಿರುವ ವಿಷಯ. ಸಾಹೇಬರು ಊಟಕ್ಕೆ ಹೋಗಿದ್ದರು, ಮುದ್ರೆ ಬೇರೆ ಕೋಣೆಯಲ್ಲಿತ್ತು. ಅವಳು ಹೊರಗೆ ಬಂದಾಗ ಕಾರು ನಿಂತಿದ್ದ ಜಾಗದಲ್ಲಿ ಒಂದು ನಾಯಿ ಮಲಗಿತ್ತು.

ಆಗಿದ್ದಿಷ್ಟು. ಮೇಷ್ಟ್ರು ಎಚ್ಚರಗೊಂಡು, ಇಳಿದು, ಮುಂದೆ ಬಂದು ಪಕ್ಕದ ಸೀಟಿನಲ್ಲಿ ಕೂತಿದ್ದಾರೆ. ಕನ್ನಡಿ ಸರಿ ಮಾಡಿದ್ದಾರೆ. "ನಡೀರಿ" ಅಂದಿದ್ದಾರೆ. ಸ್ಕೂಲಿನ ಗೋಡೆಯ ಮೇಲೆ ಫೋಟೊ ಇರುವ ಗುರುಗಳೇ ಪಕ್ಕದಲ್ಲಿ ಕೂತು ಅಪ್ಪಣೆ ಕೊಟ್ಟರೆ ಬೇಕರಿಯಾಕೆ ಇಲ್ಲ ಎನ್ನುವುದುಂಟೇ?

ಮೇಡಂ ಮೊದಲು ಬೇಕರಿಯಾಕೆಗೆ ಫೋನ್ ಮಾಡಿದಳು. ಆಫ್. ಗಂಡನಿಗೆ ಮಾಡಿದಳು. ಅವನು ನಿದ್ದೆಗಣ್ಣಿನಲ್ಲೇ ಸ್ಕೂಟರ್ ಹತ್ತಿ ಬಂದ. ಪುಟ್ಟಿ ಪರೀಕ್ಷೆಗೆ ಚಕ್ಕರ್ ಹೊಡೆದು ಓಡಿಬಂದಳು. ಅಣ್ಣ ಫೋನೆತ್ತಿ ಪಿಸುಗುಟ್ಟಿದ: "ಮೀಟಿಂಗಲ್ಲಿದ್ದೀನಿ. ಸಿಕ್ಕಿದ ಕೂಡಲೇ ಮೆಸೇಜ್ ಹಾಕು." ಮೇಡಂ ಆ ಫೋನನ್ನು ಎಸೆದುಬಿಡುತ್ತಿದ್ದಳು, ಇರುವುದು ಒಂದೇ ಎಂದು ಸುಮ್ಮನಾದಳು. ಗಂಡನ ಸ್ಕೂಟರಿನ ಹಿಂದೆ ಕೂತು ಊರೆಲ್ಲ ಅಲೆದಳು. ಪೊಲೀಸ್ ಠಾಣೆಯಲ್ಲಿ "ಕಾರು ಕದ್ದವರು ಯಾರು?" ಎಂದು ಕೇಳಿದರು. "ನಮ್ಮಪ್ಪ" ಎಂದಾಗ ಬರೆಯುತ್ತಿದ್ದವನು ಪೆನ್ನು ಕೆಳಗಿಟ್ಟ.

ಹೊತ್ತು ಇಳಿಯುವಾಗ ಬೇಕರಿಯಾಕೆಯ ಫೋನ್ ಬಂತು. ಊರಿನಿಂದ ಬಹಳ ದೂರ, ಹೆದ್ದಾರಿಯ ಪಕ್ಕ. ಪೆಟ್ರೋಲ್ ಮುಗಿದಿತ್ತು. ಹೋಗಿ ನೋಡಿದರೆ ಕಾರನ್ನು ರಸ್ತೆಯ ಅಂಚಿಗೆ ಒಂದು ಗೇಣೂ ಓರೆಯಾಗದಂತೆ ನಿಲ್ಲಿಸಿತ್ತು. ಬೇಕರಿಯಾಕೆಯ ಮುಖ ಅರಳಿತ್ತು.

"ಮೇಡಂ, ನಾನು ಹೆದ್ದಾರಿಯಲ್ಲಿ ಓಡಿಸಿದೆ! ನಾಲ್ಕನೇ ಗೇರು! ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳ್ಕೊಟ್ರು ಗೊತ್ತಾ?"

"ಇಷ್ಟು ದೂರ ಯಾಕೆ ಬಂದ್ರಿ ತಾಯಿ? ವಾಪಸ್ ತಿರುಗಬಾರದಾ?"

"ಎಲ್ಲಾ ತಿರುವಲ್ಲೂ ಕೇಳ್ದೆ ಮೇಡಂ. ಎಡಕ್ಕಾ ಬಲಕ್ಕಾ ಅಂತ. ಅವರು ಸ್ವಲ್ಪ ಹೊತ್ತು ನೋಡೋರು. ಆಮೇಲೆ ನೇರ ಹೋಗಿ ಅನ್ನೋರು."

ಮೇಡಂ ಅಪ್ಪನ ಕಡೆ ತಿರುಗಿದಳು. ಅವರು ಒದ್ದೆಯಾದ ಪ್ಯಾಂಟಿನಲ್ಲಿ, ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು, ಮುಂದಿನ ರಸ್ತೆಯನ್ನೇ ನೋಡುತ್ತಾ ಕೂತಿದ್ದರು. ಅವಳಿಗೆ ಅಳುವೂ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ಮಾಡುವುದು ಎಂದು ತಿಳಿಯದೆ ಪೆಟ್ರೋಲ್ ತರಲು ಗಂಡನನ್ನು ಗದರಿಸಿ ಕಳಿಸಿದಳು.

ಆ ಸಂಜೆ ಅಣ್ಣ, ಅತ್ತಿಗೆ ಭಾನುವಾರವಲ್ಲದಿದ್ದರೂ ಬಂದರು. ಎಲ್ಲರೂ ಊಟಕ್ಕೆ ಕೂತರು. ಅನ್ನ, ಬೇಯಿಸಿದ ಮೊಟ್ಟೆ, ಬೆಳಗಿನ ಪಲ್ಯ. ಮೇಷ್ಟ್ರ ತಟ್ಟೆಯಲ್ಲಿ ಪುಟ್ಟಿ ಮೊಟ್ಟೆಯನ್ನು ಸಣ್ಣಗೆ ಹೋಳು ಮಾಡಿ ಹಾಕುತ್ತಿದ್ದಳು.

"ಇನ್ನೇನು ಕಾಯ್ತಿದ್ದೀಯ? ಯಾರಾದ್ರೂ ಸಾಯಲಿ ಅಂತಾನಾ?" ಎಂದ ಅಣ್ಣ. "ನಾಳೆಯೇ ಬೋರ್ಡ್ ಇಳಿಸು."

"ನನ್ನ ಬೋರ್ಡ್ ಇಳಿಸೋಕೆ ನೀನ್ಯಾರು?"

"ಅಪ್ಪನ ಮಗ ನಾನು."

"ಹೌದಾ? ನೆನಪಿಸಿದ್ದು ಒಳ್ಳೇದಾಯ್ತು. ಮಧ್ಯಾಹ್ನ ನೀನೇ ಮರೆತಿದ್ದೆ ಅನ್ಸುತ್ತೆ."

"ಜಗಳ ಬೇಡ, ಅನ್ನ ತಿನ್ನಿ" ಎಂದ ಗಂಡ. "ನೀವು ಸುಮ್ನಿರಿ, ನಿದ್ದೆ ಮಾಡೋದಿದ್ರೆ ಮಾಡಿ" ಎಂದಳು ಮೇಡಂ. ಪಾಪ, ಅವನು ಮತ್ತೆ ತಲೆ ಎತ್ತಲಿಲ್ಲ.

ಆಗ ಪುಟ್ಟಿ, ಕೈಲಿದ್ದ ಚಮಚ ಕೆಳಗಿಡದೆ, "ನಾನು ಒಂದು ವರ್ಷ ಕ್ಲಾಸ್ ಬಿಡ್ತೀನಿ ಅಮ್ಮ. ತಾತನ್ನ ನಾನು ನೋಡ್ಕೋತೀನಿ. ನೀನು ಸ್ಕೂಲ್ ನಡೆಸು. ಆಮೇಲೆ ಓದಿದ್ರಾಯ್ತು" ಎಂದಳು.

"ನೋಡಿ, ಎಷ್ಟು ಜಾಣೆ" ಎಂದ ಅಣ್ಣ, ನೀರಿನ ಲೋಟ ಎತ್ತಿಕೊಳ್ಳುತ್ತಾ. "ಬಂಗಾರದಂಥ ಹುಡುಗಿ" ಎಂದಳು ಅತ್ತಿಗೆ. ಮೇಡಂನ ಗಂಡನ ಹೆಗಲು ಸಡಿಲವಾಯಿತು. ನಾಚಿಕೆಗೇಡಿನ ಮಾತು, ಆದರೆ ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು: ಮೇಡಂಗೂ ಒಂದು ಗಳಿಗೆ ಹಾಯೆನಿಸಿತು. ಎಂಟು ಗಂಟೆಯ ಪಾಠಕ್ಕೆ ಖಾಲಿ ಹಿಂದಿನ ಸೀಟಿನೊಂದಿಗೆ ಹೊರಟಂತೆ ಕಂಡಿತು. ಬಾಯಲ್ಲಿದ್ದ ತುತ್ತು ಇಳಿಯುವಷ್ಟು ಹೊತ್ತು ಅವಳು ಆ ಸುಖದಲ್ಲಿದ್ದಳು.

ಆಮೇಲೆ ಹೆದರಿಕೆಯಾಯಿತು. ಅಮ್ಮ ಸುಮ್ಮನೆ ಹೊತ್ತಳು, ಯಾರೂ ಕೇಳಲಿಲ್ಲ. ಅಮ್ಮನಿಂದ ತನಗೆ ಬಂತು, ಆಗಲೂ ಯಾರೂ ಕೇಳಲಿಲ್ಲ. ಈಗ ಮಗಳು ತಾನಾಗಿ ಕೈ ಚಾಚುತ್ತಿದ್ದಾಳೆ, ಎಲ್ಲರೂ ಶಹಭಾಸ್ ಎನ್ನುತ್ತಿದ್ದಾರೆ, ಹೆತ್ತ ತಾಯಿಯೂ ಸೇರಿ. ಒಂದು ವರ್ಷ ಎಂದದ್ದು ಎಷ್ಟಾಗುತ್ತದೋ ಯಾರು ಬಲ್ಲರು? ಅದು ಮುಗಿಯುವ ಹೊತ್ತಿಗೆ ತನಗೇ ಈ ಕಾಯಿಲೆ ಬಂದರೆ? ಆಗಲೂ ಇದೇ ಹುಡುಗಿ ಮೊಟ್ಟೆ ಹೋಳು ಮಾಡುತ್ತಾ ಕೂರಬೇಕೇ?

"ಬಾಯಿ ಮುಚ್ಚು" ಎಂದಳು ಪುಟ್ಟಿಗೆ. "ನಾಳೆ ಹೋಗಿ ತಪ್ಪಿದ ಪರೀಕ್ಷೆ ಯಾವಾಗ ಕೊಡ್ತಾರೆ ಕೇಳು."

"ಅಮ್ಮ, ನಾನು—"

"ಕೇಳು ಅಂದೆ." ಅಣ್ಣನ ಕಡೆ ತಿರುಗಿದಳು. "ಸೋಮವಾರ, ಬುಧವಾರ, ಶುಕ್ರವಾರ ಅಪ್ಪ ನಿನ್ನ ಮನೇಲಿ. ಬೆಳಗ್ಗೆ ಎಂಟಕ್ಕೆ ಬಿಡ್ತೀನಿ, ಸಂಜೆ ಬಂದು ಕರ್ಕೊಂಡು ಹೋಗ್ತೀನಿ. ಮಿಕ್ಕ ದಿನ ನಾನು. ಆ ದಿನ ಪಾಠ ಇಟ್ಕೊಳ್ಳಲ್ಲ."

"ತಲೆ ಕೆಟ್ಟಿದೆಯಾ? ನನಗೆ ಆಫೀಸಿದೆ."

"ನನಗೂ ಇದೆ."

"ಮೂರನೇ ಮಹಡಿ ಕಣೆ! ಲಿಫ್ಟ್ ಇಲ್ಲ."

"ಅಪ್ಪನ ಕಾಲು ಗಟ್ಟಿಯಾಗಿದೆ. ಕೆಟ್ಟಿರೋದು ತಲೆ."

"ಇವಳಿಗೆ ಬೆನ್ನು ನೋವು..."

"ಅತ್ತಿಗೇನ ನಾನು ಕೇಳ್ತಾ ಇಲ್ಲ. ಅತ್ತಿಗೆ ಅವರ ಮಗಳಲ್ಲ. ನಿನ್ನ ಕೇಳ್ತಿದ್ದೀನಿ."

ಅತ್ತಿಗೆ ಏನೋ ಹೇಳಲು ಬಾಯಿ ತೆರೆದವಳು, ಗಂಡನ ಮುಖ ಒಮ್ಮೆ ನೋಡಿ, ಮೊಟ್ಟೆ ತಿನ್ನಲು ಶುರುಮಾಡಿದಳು.

ಸೋಮವಾರ ಮೇಡಂ ಅಪ್ಪನ ಬಟ್ಟೆ, ಮಾತ್ರೆ, ಟವೆಲ್ಲು ತುಂಬಿದ ಚೀಲದೊಂದಿಗೆ ಮೂರು ಮಹಡಿ ಹತ್ತಿದಳು. ಮೇಷ್ಟ್ರು ಅವಳಿಗಿಂತ ಮುಂದೆ ಹತ್ತಿದರು. ಅಣ್ಣ ಪೈಜಾಮದಲ್ಲೇ ಬಾಗಿಲು ತೆರೆದ. ಅವನಿಗೆ ಕೊನೆಗಳಿಗೆಯವರೆಗೂ ನಂಬಿಕೆ ಬಂದಿರಲಿಲ್ಲ ಎಂದು ಕಾಣುತ್ತದೆ. "ಎರಡು ಸಲ ಬಚ್ಚಲಿಗೆ ಕರ್ಕೊಂಡು ಹೋಗು, ಅವರಾಗಿ ಹೇಳಲ್ಲ. ಒಲೆ ಹತ್ತಿರ ಬಿಡ್ಬೇಡ" ಎಂದು ಹೇಳಿ, ಅವನು ಉತ್ತರ ಹುಡುಕುವುದರೊಳಗೆ ಅವಳು ಕೆಳಗಿಳಿದಿದ್ದಳು.

ಆ ದಿನ ನಾಲ್ಕು ಪಾಠ. ಫೋನು ಮತ್ತೆ ಮತ್ತೆ ನಡುಗಿತು. ಪಾಠದ ನಡುವೆ ಫೋನೆತ್ತುವ ಪದ್ಧತಿ ಸ್ಕೂಲಿನಲ್ಲಿಲ್ಲ. ಅಣ್ಣನ ಹೆಸರು ಕಂಡರೂ ಅವಳು ಎತ್ತಲಿಲ್ಲ. ಮಧ್ಯಾಹ್ನ ಒಬ್ಬಳೇ ಕಾರಿನಲ್ಲಿ ಕೂತು ಡಬ್ಬಿ ತೆರೆದು ತಿಂದಳು. ಅನ್ನ ಬಿಸಿಯಿರಲಿಲ್ಲ, ಆದರೂ ಬಹಳ ದಿನಗಳ ಮೇಲೆ ರುಚಿಸಿತು.

ಸಂಜೆ ಹೋದರೆ ಅಣ್ಣನ ಮನೆ ಅಣ್ಣನ ಮನೆಯ ಹಾಗಿರಲಿಲ್ಲ. ಊಟದ ಮೇಜಿನ ಎರಡು ಕುರ್ಚಿಗಳನ್ನು ಹಾಲಿನ ನಡುವೆ ಅಕ್ಕಪಕ್ಕ ಹಾಕಿತ್ತು. ಒಂದರಲ್ಲಿ ಮೇಷ್ಟ್ರು, ಇನ್ನೊಂದರಲ್ಲಿ ಅಣ್ಣ, ಕೈಯಲ್ಲೊಂದು ತಟ್ಟೆಯನ್ನು ಸ್ಟಿಯರಿಂಗಿನ ಹಾಗೆ ಹಿಡಿದು. ಅಂಗಿಯ ಮೇಲೆ ಚಹಾದ ಕಲೆ. ಅತ್ತಿಗೆ ಒಳಗೆ ಬಟ್ಟೆ ಒಗೆಯುತ್ತಿದ್ದಳು.

"ಕ್ಲಚ್" ಎಂದರು ಮೇಷ್ಟ್ರು.

"ಒತ್ತಿದ್ದೀನಿ."

"ಒತ್ತಿಲ್ಲ. ಕಾಲು ಎಲ್ಲಿದೆ ನೋಡು."

ಅಣ್ಣ ಎದ್ದು ತಂಗಿಯನ್ನು ಮೆಟ್ಟಿಲ ಕಡೆಗೆ ಎಳೆದುಕೊಂಡು ಬಂದ. ಈಗ ಕೂಗಾಡುತ್ತಾನೆ ಎಂದು ಅವಳು ಸೆರಗು ಬಿಗಿದು ನಿಂತಳು. ಅವನು ಕೂಗಲಿಲ್ಲ.

"ಬೆಳಗ್ಗೆಯಿಂದ ಕೇಳ್ತಿದ್ದಾರೆ, ನೀವು ಯಾರ ಮಗ ಅಂತ" ಎಂದ. "ಹೇಳ್ದೆ. ಮತ್ತೆ ಕೇಳ್ತಾರೆ. ಕೊನೆಗೆ, ನಿಮ್ಮ ತಂದೆಗೆ ಹೇಳಿ ಕಳಿಸ್ತೀನಿ, ನೀವು ಗಮನ ಕೊಡಲ್ಲ ಅಂದ್ರು. ಭಾನುವಾರ ನಾನು ಅವರ ಹತ್ತಿರದಿಂದ ಬೇಗ ಎದ್ದುಬಿಡ್ತಿದ್ದೆ ಕಣೆ. ಎದುರು ಕೂತ್ರೆ ಎಲ್ಲಿ ಇದನ್ನ ಕೇಳ್ತಾರೋ ಅಂತ. ನಿನಗೇನು? ನಿನ್ನ ಗುರುತು ಹಿಡೀತಾರೆ. ಮೇಡಂ ಅಂತ ಕರೀತಾರೆ."

"ಹೌದು. ಬೀದಿಯೋರೆಲ್ಲ ಹಾಗೇ ಕರೀತಾರೆ" ಎಂದಳು. "ಕೇಳಿಸ್ಕೊಂಡು ಕಲ್ತಿದ್ದಾರೆ. ನನ್ನ ಹೆಸರು ಅವರ ತಲೆಯಿಂದ ಹೋಗಿ ವರ್ಷದ ಮೇಲಾಯ್ತು."

ಅಣ್ಣ ಅವಳನ್ನೇ ನೋಡಿದ. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಹೇಳಲು ಯಾರಿಗೆ ಪುರುಸೊತ್ತಿತ್ತು?

"ಯಾಕೆ ಹೇಳ್ಲಿಲ್ಲ?"

"ನೀನು ಕಿತ್ತಳೆ ತಂದು ಇಪ್ಪತ್ತು ನಿಮಿಷ ಕೂರೋನು. ಅಷ್ಟರಲ್ಲಿ ಏನು ಹೇಳ್ಲಿ?"

ಅವನು ಗೋಡೆಗೆ ಒರಗಿ ಮುಖ ಒರೆಸಿಕೊಂಡ. ಅವಳಿಗೆ ಅಯ್ಯೋ ಎನ್ನಿಸಿತು. ಬಿಡು ಅಣ್ಣ, ನಾನೇ ನೋಡ್ಕೋತೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅಷ್ಟು ಅಭ್ಯಾಸವಾದ ಮಾತು. ಹಲ್ಲು ಕಚ್ಚಿ ಅದನ್ನು ತಡೆದಳು.

"ಬುಧವಾರ ಎಂಟಕ್ಕೆ ಬರ್ತೀನಿ" ಎಂದಳು.

ಅವನು ಅಂಗಿಯ ಚಹಾದ ಕಲೆಯನ್ನು ಉಜ್ಜಿದ. "ಒಂಬತ್ತಕ್ಕೆ ಬಂದ್ರೆ ಆಗಲ್ವಾ?"

"ಎಂಟು."

ಅವನು ಒಳಗೆ ಹೋಗಿ ಅಪ್ಪನ ಚೀಲ ತಂದ. ಅವಳ ಕೈಗೆ ಕೊಡದೆ ತಾನೇ ಹೊತ್ತುಕೊಂಡು, ಇನ್ನೊಂದು ಕೈಯಲ್ಲಿ ಅಪ್ಪನ ತೋಳು ಹಿಡಿದು, ಮೂರು ಮಹಡಿ ಇಳಿದು ಬಂದು, ಕಾರಿನ ಬಾಗಿಲು ಮುಚ್ಚಿ, ಹಿಂದೆ ಸರಿದು ನಿಂತ.

ಕಾರು ಬೀದಿಗೆ ಬಂದ ಮೇಲೆ ಮೇಷ್ಟ್ರು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು. "ಮೇಡಂ, ಆ ಹೊಸ ಹುಡುಗ ಬಹಳ ಮಂದ. ಕಾಲಿಗೂ ಕೈಗೂ ತಾಳಮೇಳವೇ ಇಲ್ಲ."

"ಗೊತ್ತು."

"ಬೆಳಗ್ಗೆಯೆಲ್ಲ ಮುಖ ಊದಿಸ್ಕೊಂಡಿದ್ದ. ಆದ್ರೂ ಎದ್ದು ಹೋಗ್ಲಿಲ್ಲ. ಬಿಟ್ಟುಬಿಡಬೇಡಿ ಅವನನ್ನ. ಮತ್ತೆ ಬರೋಕೆ ಹೇಳಿ."

"ಹೇಳಿದ್ದೀನಿ" ಎಂದು ಮೇಡಂ ಗೇರು ಬದಲಿಸಿದಳು.